ಹತ್ತಕ್ಕೆ ಎರಡು

ಮೂರು ಸೀಸನ್‌ಗಳಲ್ಲಿ ಅಭಿರಾಮ್ ಮಹತಿಯನ್ನು ಹನ್ನೊಂದು ಸಲ ಟೀ ಬೇಕೇ ಎಂದು ಕೇಳಿದ್ದ. ಹನ್ನೊಂದು ಸಲವೂ ಅವಳು ನಕ್ಕು ಬೇಡ ಎಂದಿದ್ದಳು. ಎಣಿಸಿಟ್ಟುಕೊಳ್ಳುವಂಥ ಸಂಗತಿಯಲ್ಲ ಇದು. ಆದರೆ ಮನಸ್ಸು ಬಿದ್ದ ಹುಡುಗ ಇನ್ನೇನನ್ನು ಎಣಿಸುತ್ತಾನೆ ಹೇಳಿ?

ಜಾಲಹಳ್ಳಿಯ ಜ್ಯೋತಿ ವಾಲಿಬಾಲ್ ಕ್ಲಬ್‌ನ ಪಂದ್ಯಗಳಿಗೆ ಮೈಕ್ ಹಿಡಿಯುವವನು ಅವನೇ. ವಾರವಿಡೀ ಯಶವಂತಪುರದಲ್ಲಿ ಅಪ್ಪ ಬದರೀನಾಥರ ಸ್ಯಾನಿಟರಿ ಅಂಗಡಿಯಲ್ಲಿ ನಲ್ಲಿ, ವಾಷ್‌ಬೇಸಿನ್, ಕಮೋಡ್ ಮಾರುತ್ತಿದ್ದ. ಭಾನುವಾರ ಸಂಜೆ ನಾಲ್ಕಕ್ಕೆ ಮೈಕ್ ಮುಂದೆ ಕೂತರೆ ಬೇರೆಯೇ ಮನುಷ್ಯ. "ಎತ್ತಿದ್ರು... ಹಾರಿದ್ರು... ಹೊಡೆದ್ರು ನೋಡಿ!" ಎಂದು ಅವನು ಕೂಗಿದರೆ ಗೇಟಿನಾಚೆ ತಳ್ಳುಗಾಡಿಯಲ್ಲಿ ಟೀ ಕಾಯಿಸುವ ನಾರಾಯಣಮ್ಮನೂ ಕೈಯಲ್ಲಿನ ಸೌಟು ಮರೆತು ನಿಲ್ಲುತ್ತಿದ್ದಳು.

ಮಹತಿಯ ಜಾಗ ಗೇಟಿನ ಪಕ್ಕದ ಕಲ್ಲು ಮೆಟ್ಟಿಲುಗಳ ಮೂರನೇ ಸಾಲು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ. ಅವಳ ಅಪ್ಪ ಒಂದು ಕಾಲಕ್ಕೆ ಇದೇ ಜ್ಯೋತಿ ತಂಡಕ್ಕೆ ಆಡಿದವರು. ಅವರು ರಿಟೈರ್ ಆದ ಮೇಲೆ ಮನೆ ಯಲಹಂಕದ ಪುಟ್ಟೇನಹಳ್ಳಿಗೆ ಹೋಯಿತು. ಅಲ್ಲಿಯ ಹೈಸ್ಕೂಲಿನಲ್ಲಿ ಈಗ ಅವಳು ಗಣಿತದ ಟೀಚರ್. ಯಾರಾದರೂ ಸರ್ವಿಸ್ ತಪ್ಪಿಸಿದರೆ ಹುಬ್ಬು ಗಂಟಿಕ್ಕಿ, ತೋರುಬೆರಳಿನಿಂದ ಗಾಳಿಯಲ್ಲೇ ಒಂದು ಇಂಟು ಮಾರ್ಕ್ ಹಾಕುತ್ತಿದ್ದಳು. ಆ ಬೆರಳು ನೋಡುತ್ತ ಕೂತು ಅಭಿರಾಮ್ ಎರಡು ಸಲ ಸ್ಕೋರ್ ತಪ್ಪು ಹೇಳಿದ್ದುಂಟು.

ಅವನಿಗೆ ಅವಳ ಬಗ್ಗೆ ಒಂದೇ ಒಂದು ಬೇಸರವಿತ್ತು. ಮೂರನೇ ಸೆಟ್ ಮುಗಿಯಿತೋ, ಪಂದ್ಯ ಎಷ್ಟೇ ಬಿಸಿಯಾಗಿರಲಿ, ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಟೀ ಬೇಡ, ಪೂರ್ತಿ ಆಟವೂ ಬೇಡ. ಹಾಗಾದರೆ ಇವಳು ಬರುವುದಾದರೂ ಯಾಕೆ?

ಹೀಗಿರುವಾಗ ಒಂದು ಬುಧವಾರ ಕ್ಲಬ್ಬಿನ ಕಾರ್ಯದರ್ಶಿ ಕೃಷ್ಣಯ್ಯನವರು ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಬೆಂಕಿ ಹಚ್ಚಿದರು. ಯಲಹಂಕದ ಕಡೆ ಹೊಸ ಇಂಡೋರ್ ಸ್ಟೇಡಿಯಂ ಸಿಗುತ್ತಿದೆ, ಮುಂದಿನ ಸೀಸನ್‌ನಿಂದ ಅಲ್ಲಿಗೆ ಹೋಗೋಣವೇ, ನಮ್ಮ ಹಳೇ ಸ್ಟೇಡಿಯಂಗೆ ಹತ್ತಕ್ಕೆ ಎಷ್ಟು ಮಾರ್ಕು ಕೊಡುತ್ತೀರಿ ಎಂದು ಕೇಳಿದ್ದರು. ಆಮೇಲೆ ಕೇಳಬೇಕೇ? ಶೀಟು ಸೋರುತ್ತದೆ ಎಂದು ಒಬ್ಬ ಆರು ಕೊಟ್ಟ. ಎಡಗಡೆ ಲೈಟು ಮಿಣುಕುತ್ತದೆ, ಆದರೂ ನಮ್ಮದು ನಮ್ಮದೇ ಎಂದು ಇನ್ನೊಬ್ಬ ಎಂಟು ಕೊಟ್ಟ. ಅಭಿರಾಮ್ ಹತ್ತಕ್ಕೆ ಹತ್ತು ಕೊಟ್ಟು ಪಕ್ಕದಲ್ಲೊಂದು ಕೆಂಪು ಹೃದಯ ಇಟ್ಟ. ಅದರ ಕೆಳಗೇ ಮಹತಿಯ ಮೆಸೇಜ್ ಬಂತು. ಅದರಲ್ಲಿದ್ದದ್ದು ಒಂದೇ ಅಂಕಿ: 2.

ಭಾನುವಾರ ಮಧ್ಯಾಹ್ನ ಮೂರಕ್ಕೆ, ಪಂದ್ಯಕ್ಕೆ ಮುಂಚೆ, ಮೆಟ್ಟಿಲ ಮೇಲೇ ಸಭೆ. ಅಭಿರಾಮ್ ಗೇಟಿನಲ್ಲೇ ಅವಳನ್ನು ತಡೆದ.

"ಹತ್ತಕ್ಕೆ ಎರಡಾ? ನಿಮ್ಮ ಸ್ಕೂಲ್ ಮಕ್ಕಳ ಗತಿ ಏನ್ರೀ?"

"ಸರಿಯಾಗಿ ಬರೆದೋರಿಗೆ ಹತ್ತಕ್ಕೆ ಹತ್ತೇ ಕೊಡ್ತೀನಿ. ಬರೀ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ ಅಂತ ಕೊಡಲ್ಲ."

"ಆ ಎರಡಾದ್ರೂ ಯಾತಕ್ಕೆ ಕೊಟ್ರಿ?"

"ಒಂದು ಆ ಮೂರನೇ ಮೆಟ್ಟಿಲಿಗೆ. ಅಪ್ಪ ನನ್ನನ್ನ ಅಲ್ಲಿ ಕೂರಿಸಿ ಆಡೋಕೆ ಇಳೀತಿದ್ರು."

"ಇನ್ನೊಂದು?"

ಅವಳ ಕಣ್ಣು ಅವನ ಮುಖದ ಮೇಲೊಮ್ಮೆ, ಅವನು ಹೆಗಲಿಗೆ ಸುತ್ತಿಕೊಂಡಿದ್ದ ಮೈಕ್ ವಯರಿನ ಮೇಲೊಮ್ಮೆ ಆಡಿತು. ತುಟಿಯಂಚಿನಲ್ಲಿ ನಗು ಬಂದು, ಬರಲೋ ಬೇಡವೋ ಎಂದು ನಿಂತಿತು. "ಅದನ್ನ ಈಗ ಹೇಳಲ್ಲ."

"ಹೋಗ್ಲಿ, ಟೀ?"

"ಬೇಡ."

ಹನ್ನೆರಡಾಯಿತು. ಈ ಸಲ ಅವನಿಗೆ ನಿಜಕ್ಕೂ ನೋವಾಯಿತು.

ಆ ನೋವನ್ನು ಹೊತ್ತುಕೊಂಡೇ ಸಭೆಯಲ್ಲಿ ಮೈಕ್ ಹಿಡಿದ. "ಅಲ್ಲಿ ಎ.ಸಿ. ಇದೆ, ಕುಶನ್ ಸೀಟಿದೆ, ಒಪ್ತೀನಿ. ಆದ್ರೆ ಇಲ್ಲಿ ಬಾಲ್ ನೆಲಕ್ಕೆ ಬಡಿದ್ರೆ ಮೆಟ್ಟಿಲ ಮೇಲೆ ಕೂತೋರ ಬೆನ್ನಿಗೆ ಗೊತ್ತಾಗುತ್ತೆ ಕಣ್ರೀ! ಅದು ಯಾವ ಹೊಸ ಸ್ಟೇಡಿಯಂನಲ್ಲಿ ಸಿಗುತ್ತೆ?" ಶಿಳ್ಳೆಗಳು ಬಿದ್ದವು. ಹಿಂದಿನಿಂದ ಯಾರೋ ಕೂಗಿದರು: "ಎರಡು ಕೊಟ್ಟೋರ ಮನೆ ಯಲಹಂಕದಲ್ಲೇ ಇದೆ ಬಿಡು ಗುರೂ!"

"ಅದಕ್ಕೇ ಮತ್ತೆ," ಅಂದುಬಿಟ್ಟ ಅಭಿರಾಮ್. "ಮೂರನೇ ಸೆಟ್‌ಗೆ ಎದ್ದು ಹೋಗೋರಿಗೆ ಈ ಜಾಗದ ಬೆಲೆ ಎಲ್ಲಿ ಗೊತ್ತಾಗಬೇಕು?"

ಎಲ್ಲರೂ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅವನಿಗೆ ಆ ನಗುವಿನ ನಡುವೆಯೇ ಹೊಳೆಯಿತು. ಯಾಕೆಂದರೆ ಮಹತಿ ಎದ್ದಿದ್ದಳು. ಅವಸರವಿಲ್ಲದೆ ಮೆಟ್ಟಿಲಿಳಿದು ಬಂದು ಅವನ ಮುಂದೆ ಕೈಚಾಚಿದಳು.

"ಮೈಕ್ ಕೊಡಿ."

ಕೊಟ್ಟ. ಕೊಡದೆ ಇರಲು ಆ ಕಣ್ಣುಗಳು ಬಿಡುತ್ತಿರಲಿಲ್ಲ.

"ನಾನು ಯಾಕೆ ಎದ್ದು ಹೋಗ್ತೀನಿ ಅಂತ ಯಾರಾದ್ರೂ ಒಬ್ಬರು ಕೇಳಿದ್ರಾ?" ಅವಳು ಮೆಟ್ಟಿಲುಗಳ ಕಡೆ ತಿರುಗಿದಳು. "ನೀವೆಲ್ಲ ಕಾಂಪೌಂಡ್ ಹಿಂದೆ ಹೋಗಿ ಬರ್ತೀರಿ. ನಾವೆಲ್ಲಿಗೆ ಹೋಗ್ಬೇಕು? ಮ್ಯಾಚ್ ದಿನ ಹನ್ನೆರಡು ಗಂಟೆ ಆದ ಮೇಲೆ ನಾನು ಒಂದು ತೊಟ್ಟು ನೀರು ಕುಡಿಯಲ್ಲ. ಮೂರು ಸೆಟ್ ತನಕ ತಡ್ಕೋತೀನಿ. ಆಮೇಲೆ ಬಸ್ಸು, ಮನೆ. ಐದನೇ ಸೆಟ್ ಅಂದ್ರೆ ಹೇಗಿರುತ್ತೆ ಅಂತ ದೊಡ್ಡೋಳಾದ ಮೇಲೆ ನಾನು ನೋಡೇ ಇಲ್ಲ."

"ನಾನೂ ಅಷ್ಟೇ ಕಣ್ರೀ," ಎಂದಳು ಅವಳ ಪಕ್ಕ ಕೂರುವ ರೆಹಾನಾ. ಅವಳ ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ಕು ತಲೆಗಳು ಹೌದೆಂದವು.

"ಇಲ್ಲಿ ಹೆಂಗಸರ ಬಾತ್‌ರೂಮ್ ಇತ್ತು. ನಾನು ಸಣ್ಣೋಳಿದ್ದಾಗ ಅಮ್ಮ ಕರ್ಕೊಂಡು ಹೋಗ್ತಿದ್ರು. ಇವತ್ತಿಗೂ ಇದೆ, ಬೀಗ ಹಾಕಿಟ್ಟಿದ್ದೀರಿ. ಮೈಕ್ ಸೆಟ್ ಇಡೋ ಸ್ಟೋರ್ ರೂಮ್ ಏನು ಅನ್ಕೊಂಡಿದ್ದೀರಿ?"

ಎಲ್ಲರ ಕತ್ತೂ ಮೂಲೆಯ ಸ್ಟೋರ್ ರೂಮಿನ ಕಡೆ ತಿರುಗಿತು. ಅಭಿರಾಮನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು, ಮೂರು ವರ್ಷದಿಂದಲೂ ಇತ್ತು.

"ನಾನು ಎರಡು ಕೊಟ್ಟಿದ್ದು ಈ ಜಾಗ ಬಿಟ್ಟು ಹೋಗೋಕಲ್ಲ," ಎಂದಳು ಮಹತಿ. "ಮಿಕ್ಕ ಎಂಟು ಬರೋ ತನಕ ಇಲ್ಲೇ ಕೂತು ಜಗಳ ಆಡೋಕೆ."

ಕೃಷ್ಣಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸರಿ ಕಣಮ್ಮ. ಇನ್ನು ಮೂರು ವಾರಕ್ಕೆ ಕೊನೇ ಹೋಮ್ ಮ್ಯಾಚು. ಅಷ್ಟರಲ್ಲಿ ಅದು ರೆಡಿ ಆದ್ರೆ ನಾವು ಇಲ್ಲೇ. ಇಲ್ದಿದ್ರೆ ನಾನು ಯಲಹಂಕದವರ ಪೇಪರ್‌ಗೆ ಸೈ ಹಾಕ್ತೀನಿ. ಆಮೇಲೆ ಯಾರೂ ಬಾಯಿ ಬಡ್ಕೋಬಾರ್ದು."

ಅಭಿರಾಮ್ ಹೋಗಿ ಬೀಗ ತೆಗೆದ. ಪ್ರತಿ ಭಾನುವಾರ ತೆಗೆಯುವ ಬಾಗಿಲೇ ಅದು. ಪೇಂಟಿನ ಅಡಿಯಲ್ಲಿ 'ಮಹಿಳೆಯರಿಗೆ' ಎಂಬ ಅಕ್ಷರಗಳು ಉಬ್ಬಿ ನಿಂತಿದ್ದುದು ಇವತ್ತೇ ಕಂಡಿತು. ಒಳಗೆ ಪ್ಲೈವುಡ್ ಹಲಗೆಯ ಮೇಲೆ ಅವನ ಎರಡನೇ ಸ್ಪೀಕರ್ ಕೂತಿತ್ತು. ಸ್ಪೀಕರ್ ಇಳಿಸಿ ಹಲಗೆ ಎತ್ತಿದ. ಕೆಳಗೆ ಹಳೇ ವಾಲಿಬಾಲ್ ನೆಟ್ಟು ತುಂಬಿದ ಇಂಡಿಯನ್ ಟಾಯ್ಲೆಟ್ ಪ್ಯಾನ್ ಇತ್ತು. ದಿನ ಬೆಳಗಾದರೆ ಇವನ್ನೇ ಮಾರುವವನು ತಾನು! ದೀಪದ ಬುಡದಲ್ಲಿ ಕತ್ತಲೆ ಅಂದರೆ ಇನ್ನು ಹೇಗಿರಬೇಕು? ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಮಹತಿ ಬಾಗಿಲಿಗೊರಗಿ ನಿಂತಿದ್ದಳು.

"ಅಲ್ಲಿ ಮೈಕಲ್ಲಿ ಅಂದಿದ್ದು... ತಪ್ಪಾಯ್ತು ಮಹತಿ ಅವ್ರೇ."

"ತಪ್ಪೇ," ಎಂದಳು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ, ಹೋಗಲೂ ಇಲ್ಲ.

ಅವನಿಗೆ ತಟ್ಟನೆ ಇನ್ನೊಂದು ಹೊಳೆಯಿತು. "ಹಾಗಾದ್ರೆ... ಟೀ?"

"ಟೀ ಮೇಲೆ ನನಗೇನ್ ಕೋಪ? ಮೂರು ವರ್ಷದಿಂದ ನಾರಾಯಣಮ್ಮನ ಏಲಕ್ಕಿ ಘಮ ಮೂಗಿಗೆ ಹೊಡೀತಿದೆ. ಕುಡಿದ್ರೆ ಎರಡನೇ ಸೆಟ್‌ಗೇ ಮನೆಗೆ ಓಡ್ಬೇಕಿತ್ತು."

"ನೀವು ನನ್ನನ್ನೇ ಬೇಡ ಅಂದ್ರಿ ಅನ್ಕೊಂಡಿದ್ದೆ."

ಅವಳು ಕಣ್ಣರಳಿಸಿದಳು. ಹುಬ್ಬು ಸ್ವಲ್ಪ ಮೇಲೇರಿತು, ಕೆನ್ನೆಯಲ್ಲೊಂದು ಗುಳಿ ಬಿತ್ತು. "ನಿಮ್ಮ ಬಗ್ಗೆ ಯಾವಾಗ ಕೇಳಿದ್ರಿ? ಟೀ ತಾನೇ ಕೇಳಿದ್ದು?"

ಅಷ್ಟು ಹೇಳಿ ಹೋಗಿಬಿಟ್ಟಳು. ಮೂರು ವಾರದಲ್ಲಿ ಏನು ಮಾಡಬೇಕು ಎಂಬುದು ಅವನಿಗೆ ಕಲ್ಲಿನಲ್ಲಿ ಕೆತ್ತಿದಷ್ಟು ಸ್ಪಷ್ಟವಾಯಿತು.

ಮರುದಿನವೇ ಅಂಗಡಿಯಿಂದ ಪ್ಯಾನು, ಕಮೋಡು, ಪೈಪು ಗಾಡಿಗೇರಿಸಿದ. ಬದರೀನಾಥರು ಎಲ್ಲ ಕೇಳಿ, "ಊರೋರಿಗೆಲ್ಲ ಬಾತ್‌ರೂಮ್ ಮಾಡಿಸಿಕೊಟ್ಟೆ, ನನ್ನ ಮಗ ಅದರ ಮೇಲೆ ಸ್ಪೀಕರ್ ಇಟ್ಕೊಂಡು ಕೂತಿದ್ದ," ಎಂದು ಹಣೆ ಚಚ್ಚಿಕೊಂಡರು. ಆಮೇಲೆ ತಾವೇ ಒಳಗೆ ಹೋಗಿ ಒಳ್ಳೆಯ ಬಿಳಿ ಟೈಲ್ಸಿನ ಪೆಟ್ಟಿಗೆಗಳನ್ನು ಎತ್ತಿಕೊಟ್ಟರು. ಪ್ಲಂಬರ್ ಖಾದರ್ ಬಾಷಾ ಪ್ರತಿದಿನ ಸಂಜೆ ಬಂದ.

ಮಹತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನೇರ ಅಲ್ಲಿಗೇ ಬರುತ್ತಿದ್ದಳು. ಚಿಲಕ ಎಳೆದು ನೋಡಿ, "ಅಲ್ಲಾಡ್ತಿದೆ. ಸೊನ್ನೆ," ಎನ್ನುತ್ತಿದ್ದಳು.

"ಹೊಸದು ಕಣ್ರೀ ಅದು!"

"ಹೊಸದಾದ್ರೇನು? ಒಂದು ಕೈಯಲ್ಲಿ ಬಾಗಿಲು ಹಿಡ್ಕೊಂಡು ಕೂತು ನೋಡಿ, ಆಗ ಗೊತ್ತಾಗುತ್ತೆ. ಮತ್ತೆ ಬ್ಯಾಗ್ ಎಲ್ಲಿ ನೇತು ಹಾಕೋದು? ತಲೆ ಮೇಲಾ?"

ಇಷ್ಟು ವರ್ಷ ಬಾತ್‌ರೂಮ್ ಸಾಮಾನು ಮಾರಿದರೂ ಬಾಗಿಲ ಹಿಂದೆ ಒಂದು ಮೊಳೆ ಬೇಕು ಎಂಬುದು ಅವನ ತಲೆಗೆ ಹೋಗಿರಲಿಲ್ಲ. ಮೊಳೆಯಲ್ಲ, ಗಟ್ಟಿ ಸ್ಟೀಲ್ ಕೊಕ್ಕೆಯನ್ನೇ ಹಾಕಿಸಿದ. ಒಂದಲ್ಲ, ಎರಡು.

ಪಂದ್ಯಕ್ಕೆ ಇನ್ನು ಐದೇ ದಿನ ಎನ್ನುವಾಗ ನೀರು ಹಿಂದಕ್ಕೆ ಉಕ್ಕಿತು. ಕಾಂಪೌಂಡಿನ ಹೊಂಗೆ ಮರದ ಬೇರು ಹಳೇ ಪೈಪಿನೊಳಗೆ ನುಗ್ಗಿ ಕೂತಿತ್ತು. "ರೋಡ್ ತನಕ ಅಗೀಬೇಕು ಸಾರ್. ಐದು ದಿನದಲ್ಲಿ ಆಗೋ ಮಾತಲ್ಲ," ಎಂದ ಖಾದರ್ ಬಾಷಾ. ಕೃಷ್ಣಯ್ಯನವರೂ ಬಂದು ನೋಡಿ ತಲೆಯಾಡಿಸಿ ಹೋದರು. ಅಭಿರಾಮ್ ಗುದ್ದಲಿ ಎತ್ತಿಕೊಂಡ. ಅಂಗಡಿಗೆ ರಜ ಹಾಕಿ ಮೂರು ದಿನ ಅಗೆದ. ಅವನನ್ನು ನೋಡಿ ಖಾದರ್ ಬಾಷಾನೂ ಅಂಗಿ ಬಿಚ್ಚಿಟ್ಟು ಹಾರೆ ಹಿಡಿದ.

ಶನಿವಾರ ಮಹತಿ ಬಂದಾಗ ಹೊಸ ಪೈಪ್ ಮಣ್ಣಿನಡಿ ಹೋಗಿತ್ತು. ನೀರು ಸರಾಗವಾಗಿ ಹರಿಯುತ್ತಿತ್ತು. ಅವಳು ಒಳಗೆ ಹೋದಳು. ಚಿಲಕ ಹಾಕಿದ ಸದ್ದು, ನಲ್ಲಿ ತಿರುಗಿಸಿದ ಸದ್ದು, ಮತ್ತೆ ಚಿಲಕ ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದವಳು ಗೋಡೆ ನೋಡಲಿಲ್ಲ, ಬಾಗಿಲು ನೋಡಲಿಲ್ಲ.

"ಕೈ ತೋರ್ಸಿ," ಎಂದಳು.

ಹೋಮ್‌ವರ್ಕ್ ಮಾಡದ ಮಗುವಿನಂತೆ ಅವನು ಕೈ ಮುಂದಿಟ್ಟ. ಅಂಗೈ ತುಂಬ ಬೊಬ್ಬೆಗಳು. ಅವಳು ಕೈಯನ್ನು ಮೆಲ್ಲಗೆ ಹಿಡಿದು, ತನ್ನ ಕರ್ಚೀಫು ನೆನೆಸಿ, ಬೆರಳ ಸಂದಿಯ ಮಣ್ಣನ್ನು ಒಂದೊಂದಾಗಿ ಒರೆಸಿದಳು. ಮುಖ ಎತ್ತಲೇ ಇಲ್ಲ. ಅವಳ ಕಿವಿಯ ಸಣ್ಣ ಜುಮಕಿ ಮಾತ್ರ ಅಲ್ಲಾಡುತ್ತಿತ್ತು.

"ಇದಕ್ಕೆ ಮಾರ್ಕಿಲ್ವಾ?"

"ಪೇಪರ್ ಇನ್ನೂ ಮುಗಿದಿಲ್ಲ," ಎಂದಳು, ಕೈ ಬಿಡದೆ.

ಬಾತ್‌ರೂಮ್ ರೆಡಿಯಾಗಿತ್ತು; ಕೃಷ್ಣಯ್ಯನವರು ಮಾತಿನಂತೆ ಯಲಹಂಕದವರ ಪೇಪರ್‌ಗೆ ಸೈ ಹಾಕಲಿಲ್ಲ. ಭಾನುವಾರ ಮೆಟ್ಟಿಲುಗಳು ತುಂಬಿದವು. ಮಹತಿ, ರೆಹಾನಾ ಕ್ವಾರ್ಟರ್ಸ್‌ನ ಮನೆಮನೆಗೂ ಹೋಗಿ ಹೇಳಿ ಬಂದಿದ್ದರು. ಆಟ ನೋಡುವುದು ಬಿಟ್ಟು ಎಷ್ಟೋ ವರ್ಷವಾಗಿದ್ದ ಅಜ್ಜಿಯರೂ ಸೊಸೆಯರೂ ಬಂದು ಕೂತರು. ಎರಡನೇ ಸೆಟ್ ನಡುವೆ ನಾರಾಯಣಮ್ಮ ಮೈಕ್ ಟೇಬಲ್ ತನಕ ನಡೆದು ಬಂದಳು. "ಏನ್ ಮಗಾ ಇದು, ಎಣ್‌ಮಕ್ಳೆಲ್ಲ ಇವತ್ತೇ ನನ್ ಟೀ ಕಂಡಂಗೆ ಕುಡೀತವ್ರೆ! ಆಲು ಮುಗುದೋಯ್ತು, ಇನ್ನೆಲ್ಡು ಪಾಕೀಟು ತರ್ಸು ಅಂತ ಮೈಕಲ್ಲಿ ಏಳು!"

ಮೂರನೇ ಸೆಟ್ ಎದುರಾಳಿಗೆ ಹೋಯಿತು. ಜ್ಯೋತಿ ಒಂದು, ಅವರು ಎರಡು. ಅಭಿರಾಮನ ಕಣ್ಣು ಸ್ಕೋರ್‌ಬೋರ್ಡ್ ಬಿಟ್ಟು ಮೂರನೇ ಮೆಟ್ಟಿಲಿಗೆ ಹೋಯಿತು. ಮಹತಿ ಎದ್ದಳು. ಬ್ಯಾಗ್ ಹೆಗಲಿಗೇರಿಸಿದಳು.

ಅವನ ದನಿ ಅರ್ಧಕ್ಕೇ ನಿಂತಿತು.

ಅವಳು ಗೇಟಿನ ಕಡೆ ತಿರುಗಲಿಲ್ಲ. ಮೂಲೆಯ ಬಿಳಿ ಬಾಗಿಲಿನ ಕಡೆ ನಡೆದಳು. ನಾಲ್ಕು ನಿಮಿಷಕ್ಕೆ ವಾಪಸ್ ಬಂದು, ಚೂಡಿದಾರದ ಶಾಲು ಸರಿಮಾಡಿಕೊಂಡು, ತನ್ನ ಜಾಗದಲ್ಲೇ ಕೂತಳು. ಅಭಿರಾಮನಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಹೊಸ ಸೆಟ್‌ನಲ್ಲಿ ಜ್ಯೋತಿ ಇನ್ನೂ ಒಂದು ಪಾಯಿಂಟೂ ತೆಗೆದಿರಲಿಲ್ಲ.

ನಾಲ್ಕನೇ ಸೆಟ್ ಜ್ಯೋತಿಗೆ ಬಂತು. ಐದನೇ ಸೆಟ್‌ನಲ್ಲಿ ಎಂಟು-ಏಳಾಗಿ ತಂಡಗಳು ಕೋರ್ಟ್ ಬದಲಿಸುವಾಗ, ಟೇಬಲ್ ಮೇಲೆ ಯಾರೋ ಟೀ ಲೋಟ ಇಟ್ಟರು. ತಲೆಯೆತ್ತಿದರೆ ಮಹತಿ. ಅವಳ ಇನ್ನೊಂದು ಕೈಯಲ್ಲಿ ಇನ್ನೊಂದು ಲೋಟ ಹಬೆಯಾಡುತ್ತಿತ್ತು.

"ಟೀ?" ಎಂದಳು.

ಅವನು ಮೈಕನ್ನು ಅಂಗೈಯಿಂದ ಮುಚ್ಚಿದ. ಅವಳು ಅವನ ಪಕ್ಕದ ಕುರ್ಚಿ ಎಳೆದುಕೊಂಡು ಮೊದಲ ಗುಟುಕು ಕುಡಿದು, ಕಣ್ಣುಮುಚ್ಚಿ ತೆರೆದಳು. ಮೂರು ವರ್ಷ ಬೇಡ ಎಂದ ಟೀ ಅದು.

"ಇನ್ನೊಂದು ಮಾರ್ಕು ಯಾತಕ್ಕೆ ಅಂತ ಕೇಳಿದ್ರಲ್ಲ," ಎಂದಳು, ಲೋಟದೊಳಗೆ ನೋಡುತ್ತ. "ಈ ಮೈಕಿಗೆ. ನಾನು ಎದ್ದು ಹೋದ್ಮೇಲೂ ನಿಮ್ಮ ದನಿ ಬಸ್ ಸ್ಟಾಪ್ ತನಕ ಬರ್ತಿತ್ತು. ಅದನ್ನ ಕೇಳ್ತಾ ನಿಂತು ಎಷ್ಟೋ ಸಲ ಬಸ್ ಬಿಟ್ಟಿದ್ದೀನಿ." ಆಮೇಲೆ ಮುಖ ಕೆಂಪೇರಿಸಿಕೊಂಡು ನಕ್ಕಳು. "ಅಂಥಾ ಅರ್ಜೆಂಟಲ್ಲೂ."

"ಅಭಿ! ಸ್ಕೋರ್ ಹೇಳಪ್ಪಾ!" ಎಂದು ಕೃಷ್ಣಯ್ಯನವರು ಆಚೆ ತುದಿಯಿಂದ ಕೂಗಿದರು.

ಅವನು ಕೂಗಿಗೆ ಓಗೊಡಲಿಲ್ಲ. "ಮಹತಿ, ಈ ಸಲ ಟೀ ಅಲ್ಲ. ನನ್ನ ಬಗ್ಗೇನೇ ಕೇಳ್ತಿದ್ದೀನಿ. ಬೇಡ ಅಂತೀರಾ?"

ಅವಳು ಉಳಿದ ಟೀಯನ್ನು ತಳದವರೆಗೂ ಕುಡಿದು ಲೋಟ ಕೆಳಗಿಟ್ಟಳು. ಮತ್ತೆ ತೋರುಬೆರಳು ಎತ್ತಿ, ಅವನ ಮುಖದ ಮುಂದೆ ಗಾಳಿಯಲ್ಲಿ ದೊಡ್ಡದಾಗಿ, ನಿಧಾನವಾಗಿ, ಒಂದು ರೈಟ್ ಮಾರ್ಕ್ ಹಾಕಿದಳು.

ಅಭಿರಾಮ್ ಮೈಕ್ ಎತ್ತಿ ಸ್ಕೋರ್ ಹೇಳಿದ. ತಪ್ಪು ಹೇಳಿದ. ಇಡೀ ಸ್ಟೇಡಿಯಂ ಹೋ ಎಂದು ನಕ್ಕಿತು. ಜ್ಯೋತಿ ಹದಿನೈದು-ಹದಿಮೂರಕ್ಕೆ ಗೆದ್ದಾಗ ಕಲ್ಲು ಮೆಟ್ಟಿಲುಗಳೆಲ್ಲ ಗುಡುಗಿದವು, ಮತ್ತು ಮಹತಿ ಕೊನೆಯ ಪಾಯಿಂಟಿನವರೆಗೂ ಅವನ ಪಕ್ಕದಲ್ಲೇ ಕೂತಿದ್ದಳು.