ಹೆನುತ್‌ಳ ಹಸಿರು ಜೀರುಂಡೆ

ಸಾಯುವ ಮೊದಲು ಹಸಿರು ಕಲ್ಲಿನ ಜೀರುಂಡೆ ತಾಯಿತ ಬೇಕೆಂದು ಹೆನುತ್ ಹಟ ಹಿಡಿದಳು. ಹೆಣದ ಎದೆಯ ಮೇಲೆ ಅದಿದ್ದರೆ ಸತ್ತವರ ಹೃದಯ ತೂಗಿ ತೀರ್ಪು ಕೊಡುವ ಒಸಿರಿಸ್ ದೇವರ ತಕ್ಕಡಿಯ ಮುಂದೆ ಹೃದಯ ಪಾಪಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಅಳಿಯ ಇಪುಯ್ ಊರಿಗೆಲ್ಲ ತಾಯಿತ ಕೆತ್ತುವವನು. ಅವನ ಪೆಟ್ಟಿಗೆಯ ಒಂದು ಕಲ್ಲೂ ಮುದುಕಿಗೆ ಹಿಡಿಸಲಿಲ್ಲ. ಕೊನೆಗೆ ಹಸಿರು ಕಲ್ಲು ಸಿಗುವ ಮರುಭೂಮಿಯ ಕಣಿವೆಗೇ ಹೊರಟರು. ತನ್ನೆದೆಯ ಕಲ್ಲನ್ನು ತಾನೇ ಆರಿಸಬೇಕೆಂದು ಮುದುಕಿಯೂ ಕತ್ತೆ ಏರಿದಳು.

ಕತ್ತೆ ಅದೇ ಊರಿನ ನಖ್ತುವಿನದು, ಅದರ ಜೊತೆ ಅವನೂ ಬಂದ. ಹನ್ನೆರಡು ವರ್ಷಗಳ ಹಿಂದೆ ತನ್ನ ಕಂಚಿನ ಉಳಿ ಕದ್ದವನು ಇವನೇ ಎಂದು ಇಪುಯ್ ಊರ ಹಿರಿಯರ ಮುಂದೆ ದೂರಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ದಾರಿಯುದ್ದಕ್ಕೂ ನೀರು ಬೇಕಾದರೆ ಇಪುಯ್ ಕತ್ತೆಗೆ ಹೇಳುತ್ತಿದ್ದ, ನಖ್ತು ಕತ್ತೆಗೇ ಉತ್ತರ ಕೊಡುತ್ತಿದ್ದ.

ಎರಡು ದಿನ ಕೆಂಪು ಗುಡ್ಡಗಳು, ಎಲ್ಲೂ ಒಂದು ಹಿಡಿ ನೆರಳಿಲ್ಲ, ಕಚ್ಚಿದ ರೊಟ್ಟಿಯಲ್ಲೆಲ್ಲ ಮರಳು. ಮೂರನೆಯ ದಿನ ಕಡಿದಾದ ಬಂಡೆಯ ನಡುವೆ ಹಸಿರು ಪಟ್ಟೆಯೊಂದು ಮಿಂಚಿತು. ಬೇಡವೆಂದರೂ ಕೇಳದೆ ಹೆನುತ್ ಅಂಚಿನಲ್ಲಿ ತೆವಳಿ, ಖರ್ಜೂರದಷ್ಟು ಕಲ್ಲನ್ನು ಕಿತ್ತಳು.

ಅಂಚು ಕುಸಿಯಿತು.

ಮುದುಕಿ ಒಂದೇ ಕೈಯಲ್ಲಿ ಬಂಡೆ ಹಿಡಿದು ನೇತಾಡಿದಳು, ಇನ್ನೊಂದರಲ್ಲಿ ಕಲ್ಲು. ಇಪುಯ್ ಹಗ್ಗ ಎಸೆದ.

"ಅತ್ತೆ, ಕಲ್ಲು ಬಿಡಿ, ಹಗ್ಗ ಹಿಡೀರಿ."

"ಕಲ್ಲು ಬಿಟ್ಟು ಸತ್ರೆ ಅಲ್ಲಿ ನನ್ ಗತಿ ಏನಪ್ಪಾ?"

"ಮಂತ್ರ ಕೆತ್ತದ ಕಲ್ಲು ಅಲ್ಲಿ ಯಾವ ಕೆಲಸಕ್ಕೂ ಬರಲ್ಲ ಅತ್ತೆ."

ಮುದುಕಿಯ ಮುಖ ಬಿಳುಚಿಕೊಂಡಿತು. "ಹಾಗಾದ್ರೆ ಇಲ್ಲೇ ಹೇಳ್ಬಿಡ್ತೀನಿ. ಆ ಉಳಿ ಕದ್ದಿದ್ದು ನಾನು. ಮಗಳ್ನ ನಿನಗೆ ಕೊಡೋ ಮನಸ್ಸಿರ್ಲಿಲ್ಲ, ಉಳಿ ಇಲ್ದೆ ನಿನ್ ಕೆಲಸ ನಿಂತ್ರೆ ಮದುವೆನೂ ನಿಲ್ಲುತ್ತೆ ಅಂದ್ಕೊಂಡೆ. ಹಿಟ್ಟಿನ ಮಡಕೆ ಕೆಳಗೆ ಹೂತಿದೀನಿ."

ಇಪುಯ್‌ನ ಕೈಯಿಂದ ಹಗ್ಗ ಜಾರಿತು. ನಖ್ತು ಹಾರಿ ಹಿಡಿದ.

"ಎಳಿಯೋ ಇಪುಯ್, ಆಮೇಲೆ ಬಾಯಿ ಬಿಟ್ಕೊಂಡು ನಿಲ್ಲು."

ಹನ್ನೆರಡು ವರ್ಷದಲ್ಲಿ ಇಪುಯ್ ಜೊತೆ ಅವನಾಡಿದ ಮೊದಲ ಮಾತು ಅದು. ಕೆಳಗೆ ಹೆನುತ್ ಕಲ್ಲನ್ನು ಬಾಯಿಗೆ ತುರುಕಿಕೊಂಡು ಎರಡೂ ಕೈಯಲ್ಲಿ ಹಗ್ಗ ಹಿಡಿದಳು. ಈ ಬುದ್ಧಿ ಒಂದು ಗಳಿಗೆ ಮೊದಲೇ ಹೊಳೆದಿದ್ದರೆ ಗುಟ್ಟಾದರೂ ಉಳಿಯುತ್ತಿತ್ತು. ಇಬ್ಬರೂ ಸೇರಿ ಎಳೆದರು. ಅಂಗೈ ಸುಲಿಯಿತು, ಮುದುಕಿ ಮೇಲೆ ಬಂದಳು.

ಇಪುಯ್ ನಖ್ತುವಿನ ಕಾಲು ಹಿಡಿದು ಅತ್ತುಬಿಟ್ಟ. ವಾಪಸು ಬರುವಾಗ ಇಬ್ಬರ ಬಾಯಿಗೂ ಬಿಡುವಿರಲಿಲ್ಲ. ಕತ್ತೆಗೆ ಮಾತ್ರ ನೆಮ್ಮದಿ.

ಮಡಕೆಯ ಕೆಳಗಿನಿಂದ ತೆಗೆದ ಅದೇ ಉಳಿಯಿಂದ ಇಪುಯ್ ಜೀರುಂಡೆ ಕೆತ್ತಿದ. ಅದರ ಹೊಟ್ಟೆಯ ಮೇಲಿನ ಮಂತ್ರವನ್ನು ಅತ್ತೆಗೆ ಓದಿ ಹೇಳಿದ: "ನನ್ನ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ."

ಹೆನುತ್ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಹೊರಗೆ ನಖ್ತುವಿನ ಜೋರು ನಗೆ ಕೇಳುತ್ತಿತ್ತು.

"ಹೃದಯದ ಬಾಯೇನೋ ಮುಚ್ಚಿಸಿದೆ. ಆ ಕತ್ತೆಯವನ ಬಾಯಿ?"

"ಅದಕ್ಕೆ ಕಲ್ಲಲ್ಲಿ ಮದ್ದಿಲ್ಲ ಅತ್ತೆ."

ಹೆನುತ್ ನಿಟ್ಟುಸಿರು ಬಿಟ್ಟು, ಉಟ್ಟ ಬಟ್ಟೆ ಎತ್ತಿ ಕಟ್ಟಿ, ನಖ್ತುವಿಗೆಂದು ಬಿಯರ್ ಮಾಡಲು ಬಾರ್ಲಿ ನೆನೆಹಾಕಿದಳು.