ತೂಫಾನನ ನಾಲ್ಕು ದಿನ

ಟಂಟಂ ಗಾಡಿಯಿಂದ ಮೊದಲು ಹೊರಗೆ ಬಂದದ್ದು ಒಂದು ಮೂಗು. ಉದ್ದನೆಯ, ಚೂಪಾದ ಮೂಗು. ಅದರ ಹಿಂದೆ ಉದ್ದ ಕುತ್ತಿಗೆ. ಅದರ ಹಿಂದೆ ಕಾಲು, ಮತ್ತೆ ಕಾಲು, ಇನ್ನೂ ಕಾಲು.

“ಮುಗೀತೋ, ಇನ್ನೂ ಬರೂದು ಅದನೋ?” ಎಂದು ಬಾಗಿಲಲ್ಲಿ ನಿಂತಿದ್ದ ಗಂಗಾಬಾಯಿ ಅಜ್ಜಿ ಕೇಳಿದಳು.

ಸಂಪದಾಳಿಗೆ ನಗು ಬಂತು. ಆದರೂ ತುಟಿ ಕಚ್ಚಿ ಸುಮ್ಮನಿದ್ದಳು. ಇವತ್ತು ಬುಧವಾರ. ರವಿವಾರದವರೆಗೆ ಅಜ್ಜಿಯ ಮನಸ್ಸು ಕೆಡದಂತೆ ನೋಡಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಕಂದು ಕಿವಿಯ ಮರಿ ಸಿಗುವುದಿಲ್ಲ.

ಕಂದು ಕಿವಿಯ ಮರಿ ಇದ್ದದ್ದು ಸವಣೂರಿನ ಆಚೆ, ಕರೀಮಸಾಬರ ಎಲೆತೋಟದಲ್ಲಿ. ಅವರ ಮೊಮ್ಮಗಳು ಉಮೈಮಾ ಸಂಪದಾಳ ಕ್ಲಾಸಿನವಳು, ಐದನೇ ಇಯತ್ತೆ, ಒಂದೇ ಬೆಂಚು. ಹಂದಿ, ಮಂಗ ಬಾರದಂತೆ ಕಾಯಲೆಂದು ತೋಟದಲ್ಲಿ ಎರಡು ಮುಧೋಳ ನಾಯಿಗಳಿದ್ದವು, ರಾಣಿ ಮತ್ತು ತೂಫಾನ. ರಾಣಿ ನಾಲ್ಕು ಮರಿ ಹಾಕಿದಾಗ ಉಮೈಮಾ ಸಂಪದಾಳನ್ನು ಕರೆದೊಯ್ದು ತೋರಿಸಿದ್ದಳು. ಮೂರು ಮರಿಗಳು ಬಿಳಿ. ನಾಲ್ಕನೆಯದರ ಒಂದು ಕಿವಿ ಮಾತ್ರ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕಂದು. ಅದು ಸಂಪದಾಳ ಮಡಿಲಿಗೆ ಬಂದು ಮಲಗಿಬಿಟ್ಟಿತ್ತು.

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ, ಹೋಂವರ್ಕ್ ರುಚಿಸಲಿಲ್ಲ. ಮರಿ ಬೇಕು, ಅಷ್ಟೇ.

ಕರೀಮಸಾಬರು ಮಾತ್ರ ಹಾಗೆಲ್ಲ ಮರಿ ಕೊಡುವವರಲ್ಲ. ಅವರದೊಂದು ಪದ್ಧತಿ ಇತ್ತು. ಯಾರೇ ಮರಿ ಕೇಳಿದರೂ ಮೊದಲು ದೊಡ್ಡ ನಾಯಿಯನ್ನು ಅವರ ಮನೆಗೆ ಕಳಿಸುತ್ತಿದ್ದರು.

“ಮರಿ ನೋಡಿದ್ರ ಎಲ್ಲಾರಿಗೂ ಬೇಕ ಅನಸ್ತೈತಿ, ಬೇಟಾ,” ಎಂದು ಅವರು ಸಂಪದಾಳಿಗೂ ಹೇಳಿದ್ದರು. “ಅದು ಮರಿ ಆಗಿರೂದು ನಾಕ ತಿಂಗಳ. ತೂಫಾನನ್ನ ನಾಕ ದಿನ ಇಟಗೊಂಡ ನೋಡು. ಆಮ್ಯಾಲೂ ಬೇಕಂದ್ರ ಅದು ನಿಂದs.”

ಅಪ್ಪ ಸುಶೀಂದ್ರ ಅದಕ್ಕೆ ತನ್ನದೂ ಒಂದು ಷರತ್ತು ಸೇರಿಸಿದ. ನಾಲ್ಕು ದಿನದಲ್ಲಿ ಅಜ್ಜಿಯಿಂದ ಒಂದೂ ತಕರಾರು ಬರಬಾರದು.

ಈಗ ತೂಫಾನ ಓಣಿಯ ನಡುವೆ ನಿಂತಿದ್ದ. ಬಿಳಿ ಮೈ, ತೆಳು ಹೊಟ್ಟೆ, ಬಿಲ್ಲಿನ ಹಾಗೆ ಬಾಗಿದ ಬೆನ್ನು. ಓಣಿಯ ಮಂದಿಯೆಲ್ಲ ಹೊರಗೆ ಬಂದಿದ್ದರು.

ಪಕ್ಕದ ಮನೆಯ ತನುಜಾ ಆಂಟಿ ಹತ್ತಿರ ಬಂದು ನೋಡಿ, “ರಾಜರ ಮನಿ ನಾಯಿ ಇದ್ದಂಗ ಐತಿ. ಆದ್ರ ನಮ್ಮ ಓಣ್ಯಾಗ ಹಿಡಸಂಗಿಲ್ಲ ಬಿಡವಾ” ಎಂದಳು. ಪೋಸ್ಟಿನ ಗುದ್ಲೆಪ್ಪ ಸೈಕಲ್ ನಿಲ್ಲಿಸಿ, ಇಂಥ ನಾಯಿಗಳನ್ನು ಮಿಲಿಟರಿಯವರೂ ಸಾಕುತ್ತಾರೆ, ಭಾಳ ಶಾಣ್ಯಾ ಜಾತಿ ಎಂದು ಹೊಗಳಿದ. ಕೊನೆಗೆ ಅವನೂ, “ಆದ್ರ ಕಾಗದಾ ಹಂಚವ್ರನ್ನ ಕಂಡ್ರ ಹೆಂಗೋ ಏನೋ” ಎಂದು ಸೈಕಲ್ ಹತ್ತಿದ. ಅಪ್ಪ ಕೂಡ ತಲೆ ಕೆರೆದುಕೊಂಡ. “ಚಂದ ಅದ. ಆದ್ರ ಉಂಡದ್ದನ್ನ ಎಲ್ಲಿ ಇಟಗೋತದ ಇದು? ಹೊಟ್ಟೀನs ಇಲ್ಲ.”

ಸಂಪದಾ ಬೆರಳು ಮಡಚಿದಳು. ಓಣಿಯ ಉಳಿದವರದೂ ಸೇರಿ ಒಂದು ಸಂಜೆಯಲ್ಲೇ ಏಳು ‘ಆದ್ರ’. ಎಲ್ಲರಿಗೂ ತೂಫಾನ ಚಂದ. ಎಲ್ಲರಿಗೂ ಒಂದು ‘ಆದ್ರ’.

ಅಜ್ಜಿ ಮಾತ್ರ ‘ಆದ್ರ’ ಅನ್ನಲಿಲ್ಲ. ಅವಳದು ನೇರವಾಗಿ ರೂಲ್ಸು. ತೂಫಾನ ಹಿತ್ತಲಲ್ಲಿರಬೇಕು, ಹೊಸ್ತಿಲು ದಾಟಬಾರದು. ಮತ್ತೆ ಮಡಿ ಸೀರೆಯ ಹತ್ತಿರ ಸುಳಿಯಬಾರದು.

ಮಡಿ ಸೀರೆ ಅಂದರೆ ಆ ಮನೆಯಲ್ಲಿ ದೊಡ್ಡ ಸಂಗತಿ. ಅಜ್ಜಿ ದಿನಾ ಬೆಳಿಗ್ಗೆ ಅದನ್ನು ಒಗೆದು, ಕೋಲಿನಿಂದ ಎತ್ತಿ, ಹಿತ್ತಲಲ್ಲಿ ಎತ್ತರಕ್ಕೆ ಕಟ್ಟಿದ ಗಳದ ಮೇಲೆ ಹರವುತ್ತಿದ್ದಳು. ಮರುದಿನ ಸ್ನಾನ ಮಾಡಿ, ಕೋಲಿನಿಂದಲೇ ಇಳಿಸಿಕೊಂಡು ಉಡುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಉಟ್ಟ ಮೇಲೆಯೇ ದೇವರ ಅಡಿಗೆ.

“ನನಗೂ ನಿನಗೂ ಒಂದs ರೂಲ್,” ಎಂದು ಸಂಪದಾ ತೂಫಾನನ ಕಿವಿಯಲ್ಲಿ ಹೇಳಿದಳು. “ನಾನೂ ಅದನ್ನ ಮುಟ್ಟಂಗಿಲ್ಲ.”

ಗುರುವಾರ ಎಲ್ಲವೂ ಸುಸೂತ್ರ. ತೂಫಾನ ಬೊಗಳಲಿಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ಭಕ್ಕರಿ ತಿಂದು, ಬಟ್ಟಲು ನೆಕ್ಕಿ, ದುಂಡಗೆ ಸುತ್ತಿಕೊಂಡು ಮಲಗಿದ. ಅಷ್ಟುದ್ದದ ನಾಯಿ ಮಲಗಿದರೆ ಒಂದು ಬುಟ್ಟಿಯಷ್ಟು. ಅವ್ವ ಪದ್ಮಜಾ ಹಳೆಯ ಗೋಣಿಚೀಲ ಹಾಸಿಕೊಟ್ಟಳು.

ಸಂಜೆ ಸಂಪದಾ ಅವನನ್ನು ವಾಕಿಂಗ್ ಕರೆದೊಯ್ದಳು. ಕರೆದೊಯ್ದವಳು ಅವಳು, ಎಳೆದೊಯ್ದವನು ಅವನು. ಅಳಿಲು ಓಡಿದರೆ ಎಳೆತ, ಬೈಕು ಹೋದರೆ ಎಳೆತ, ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರಿದರೂ ಎಳೆತ. ಮೊಣಕಾಲು ತರಚಿಕೊಂಡು ಮನೆಗೆ ಬಂದಳು. ಯಾರಿಗೂ ತೋರಿಸಲಿಲ್ಲ.

ಶುಕ್ರವಾರ ಸಂಪದಾ ಶಾಲೆಯಿಂದ ಬಂದಾಗ ಅಜ್ಜಿ ಹಿತ್ತಲ ಬಾಗಿಲಲ್ಲಿ ಕುಳಿತು ತೂಫಾನನನ್ನೇ ನೋಡುತ್ತಿದ್ದಳು. ಅವನ ಉದ್ದ ಹಗ್ಗದ ಸಡಿಲ ಕುಣಿಕೆ ತುಳಸಿ ಕಟ್ಟೆಯನ್ನು ಬಳಸಿತ್ತು. ಅವನು ಕಟ್ಟೆಯನ್ನು ಸುತ್ತುತ್ತಿದ್ದ. ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೊಂದು.

“ನೋಡವಾ ಸಂಪೂ,” ಎಂದಳು ಅಜ್ಜಿ. “ನಾ ತಿಂಗಳಾನುಗಟ್ಟಲೆ ಹಾಕೂ ಪ್ರದಕ್ಷಿಣಿ ಇವ ಒಂದ ದಿನದಾಗ ಹಾಕ್ಯಾನ. ನನಗಿಂತ ಮೊದಲ ಇವಗs ಪುಣ್ಯ ಬರ್ತದ.”

ಅಜ್ಜಿ ನಕ್ಕಳು. ಸಂಪದಾಳ ಎದೆ ಹಗುರಾಯಿತು. ಅಜ್ಜಿ ನಕ್ಕರೆ ಮರಿ ಮನೆಗೆ ಬಂದ ಹಾಗೆಯೇ.

ಶನಿವಾರವೂ ಅವನು ಸುತ್ತಿದ. ಸಂಜೆಯ ಹೊತ್ತಿಗೆ ಕಟ್ಟೆಯ ಸುತ್ತ ಮಣ್ಣು ಸವೆದು, ಬಳೆಯ ಹಾಗೆ ದುಂಡನೆಯ ಹಾದಿ ಬಿದ್ದಿತ್ತು. ಓಣಿಯ ‘ಆದ್ರ’ಗಳ ಲೆಕ್ಕ ಹನ್ನೊಂದಕ್ಕೆ ಬಂದಿತ್ತು. ಇನ್ನೊಂದೇ ದಿನ.

ರವಿವಾರ ಬೆಳಿಗ್ಗೆ ತೂಫಾನ ಭಕ್ಕರಿ ಮೂಸಿ ನೋಡಿ ಬಿಟ್ಟ. ಬಾಯಿಂದ ಹಗ್ಗ ಹಿಡಿದು ಸಂಪದಾಳ ಮುಖ ನೋಡಿದ. ಅವಳಿಗೆ ಪಾಪ ಅನಿಸಿತು. ಹಿತ್ತಲ ಗೋಡೆ ಅಪ್ಪನ ಎದೆಯಷ್ಟು ಎತ್ತರ, ಬಾಗಿಲಿಗೆ ಅಗಳಿ ಹಾಕಿದೆ. ಐದು ನಿಮಿಷ ಬಿಟ್ಟರೆ ಏನಾದೀತು? ಬಚ್ಚಲಲ್ಲಿ ಅಜ್ಜಿ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಸಂಪದಾ ಹಗ್ಗ ಬಿಚ್ಚಿದಳು.

ಅದೇ ಹೊತ್ತಿಗೆ ಗಾಳಿ ಬೀಸಿತು.

ಗಳದ ಮೇಲಿನ ಇಳಕಲ್ ಸೀರೆಯ ಕೆಂಪು ಸೆರಗು ಪಟಪಟ ಎಂದಿತು. ತೂಫಾನನ ಕಿವಿ ನಿಮಿರಿತು. ಸಂಪದಾ ‘ಬ್ಯಾಡ’ ಎನ್ನುವಷ್ಟರಲ್ಲಿ ಅವನು ನೆಲದ ಮೇಲಿರಲಿಲ್ಲ. ಸೆರಗು ಬಾಯಲ್ಲಿತ್ತು. ಮುಂದಿನ ನೆಗೆತಕ್ಕೆ ಗೋಡೆಯ ಆಚೆಗಿದ್ದ. ಒಂಬತ್ತು ಗಜದ ಸೀರೆ ಅವನ ಹಿಂದೆ ಗೋಡೆಯ ಮೇಲಿಂದ ಹರಿಯುತ್ತ, ಹರಿಯುತ್ತ, ಕೊನೆಗೆ ಅದೂ ಮಾಯವಾಯಿತು.

ಸಂಪದಾ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದಳು.

ಓಣಿಯ ತಿರುವಿನಲ್ಲಿ ಉಮೈಮಾ ಸಿಕ್ಕಳು. ತಲೆಗೆ ಬಿಳಿ ಓಢಣಿ ಹೊದ್ದು ಅರಬ್ಬೀ ಕ್ಲಾಸಿಗೆ ಹೊರಟಿದ್ದಳು. ಮದುವೆ ಮೆರವಣಿಗೆಯ ಹಾಗೆ ಸೀರೆ ಎಳೆದುಕೊಂಡು ಹೋದ ತೂಫಾನನನ್ನು ಅವಳೂ ನೋಡಿದ್ದಳು. ಏನು ಎತ್ತ ಎಂದು ಕೇಳದೆ ಅವಳೂ ಜೊತೆಗೆ ಓಡಿದಳು. ದೊಡ್ಡ ಹುಣಸೆ ಮರಗಳನ್ನು ದಾಟಿ, ಮನೆಗಳು ಮುಗಿಯುವ ಕಡೆಗೆ ಇಬ್ಬರೂ ಏದುಸಿರು ಬಿಡುತ್ತ ನಿಂತರು.

ಮುಂದೆ ಗೋವಿನಜೋಳ ಕೊಯ್ದ ಹೊಲ. ಸೀರೆ ಬೇಲಿಯ ಜಾಲಿಕಂಟಿಯ ಮೇಲೆ ಬಿದ್ದಿತ್ತು. ಅದರಾಚೆ ತೂಫಾನ ಓಡುತ್ತಿದ್ದ.

ಅವನನ್ನು ಕೂಗಬೇಕೆಂದು ಸಂಪದಾ ಬಾಯಿ ತೆರೆದಳು. ಕೂಗುವುದು ಮರೆತೇ ಹೋಯಿತು.

ಅವನು ಓಡುವಾಗ ನಾಲ್ಕೂ ಕಾಲು ಒಟ್ಟಿಗೆ ಕೂಡುತ್ತಿದ್ದವು, ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ನಡುವೆ ಒಂದು ಕ್ಷಣ ಯಾವ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಅವನು ಒಂದು ಬಿಳಿ ಗೆರೆ. ಬೆಳ್ಳಕ್ಕಿಗಳು ಎದ್ದು ಹಾರಿದವು. ಅವನು ಅವುಗಳನ್ನೂ ನೋಡಲಿಲ್ಲ. ಏನನ್ನೂ ಹಿಡಿಯುವುದಕ್ಕಲ್ಲ, ಸುಮ್ಮನೆ ಓಡುತ್ತಿದ್ದ.

“ತ್ವಾಟದಾಗ ದಿನಾ ಹಿಂಗs ಓಡ್ತಾನ,” ಎಂದಳು ಉಮೈಮಾ. “ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ.”

ಸಂಪದಾ ಆ ಬಿಳಿ ಗೆರೆಯನ್ನೇ ನೋಡುತ್ತ ನಿಂತಳು.

ಸಾಕಾದ ಮೇಲೆ ಅವನೇ ಬಂದ. ಗೇಣುದ್ದ ನಾಲಿಗೆ ಚಾಚಿ, ಸಂಪದಾಳ ಹೊಟ್ಟೆಗೆ ತಲೆ ಒತ್ತಿ ನಿಂತ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಬಾಲ ಆಡುತ್ತಿತ್ತು.

ಇನ್ನು ಸೀರೆ. ಇಬ್ಬರೂ ಜಾಲಿಕಂಟಿಯ ಮುಂದೆ ನಿಂತರು.

“ತಗೋ ಮತ್ತ,” ಎಂದಳು ಉಮೈಮಾ.

“ನಾ ಮುಟ್ಟಂಗಿಲ್ಲ. ಮಡಿ ಸೀರಿ ಅದು. ನೀ ತಗೋ.”

“ನಾ ಹೆಂಗ ತಗೋಲಿ? ನಾಯಿ ಜೊಲ್ಲು ಹತ್ತೈತಿ. ಅದನ್ನ ಹಚ್ಚಗೊಂಡ ಅರಬ್ಬೀ ಕ್ಲಾಸಿಗೆ ಹೋದ್ರ ನಮ್ಮಜ್ಜಿ ಮತ್ತ ಮೈ ತೊಳಕೊಂಡ ಬಾ ಅಂತಾಳ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಊರಿನ ಹೊರಗೆ, ಕಂಟಿಯ ಮೇಲೆ, ಯಾರೂ ಮುಟ್ಟಬಾರದ ಸೀರೆ. ಮೊದಲು ಉಮೈಮಾಳಿಗೆ ನಗು ಬಂತು. ಆಮೇಲೆ ಸಂಪದಾಳಿಗೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತರು. ತೂಫಾನ ಇಬ್ಬರ ಮುಖವನ್ನೂ ನೋಡಿ ತಾನೂ ಕುಳಿತ.

ಕೊನೆಗೆ ಬೇಲಿಯ ಪಕ್ಕ ಬಿದ್ದಿದ್ದ ಉದ್ದನೆಯ ಬಿದಿರು ಕಂಡಿತು. ಅಜ್ಜಿ ಮಾಡುವ ಹಾಗೆಯೇ ಅದರಿಂದ ಸೀರೆಯನ್ನು ಎತ್ತಿದರು. ಬಿದಿರಿನ ಒಂದು ತುದಿ ಸಂಪದಾಳ ಹೆಗಲ ಮೇಲೆ, ಇನ್ನೊಂದು ತುದಿ ಉಮೈಮಾಳ ಹೆಗಲ ಮೇಲೆ. ನಡುವೆ ಸೀರೆ ಜೋತಾಡುತ್ತಿತ್ತು. ಬಿಸಿಲು ಏರಿತ್ತಲ್ಲ, ತೂಫಾನ ಆ ಸೀರೆಯ ನೆರಳಲ್ಲಿ ಸಾವಕಾಶ ನಡೆದು ಬಂದ.

ಓಣಿಯ ಮಂದಿ ಮತ್ತೆ ಹೊರಗೆ ಬಂದರು. ಈ ಸಲ ಯಾರ ಬಾಯಿಂದಲೂ ‘ಆದ್ರ’ ಬರಲಿಲ್ಲ. ಬಾಯಿ ತೆರೆದದ್ದು ತೆರೆದೇ ಇತ್ತು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಪೆಟ್ಟಿಗೆಯಲ್ಲಿದ್ದ ಮಡಿಯ ಪಟ್ಟೆ ಸೀರೆ ಉಟ್ಟಿದ್ದಳು, ತಲೆಯಲ್ಲಿನ್ನೂ ನೀರು ಇಳಿಯುತ್ತಿತ್ತು. ಸಂಪದಾಳ ನಗು ಅಲ್ಲೇ ನಿಂತಿತು. ಮುಗಿಯಿತು. ಇನ್ನು ಕಂದು ಕಿವಿ ಬೇರೆಯವರ ಮನೆಗೆ.

“ತಪ್ಪು ನಂದು ಅಜ್ಜಿ,” ಎಂದಳು. “ಹಗ್ಗ ನಾನs ಬಿಚ್ಚಿದ್ದು.”

ಅಜ್ಜಿ ಅವಳನ್ನು ನೋಡಿದಳು, ಕೋಲನ್ನು ನೋಡಿದಳು, ಸೀರೆಯನ್ನು ನೋಡಿದಳು, ಸೀರೆಯ ಕೆಳಗಿನಿಂದ ಇಣುಕುತ್ತಿದ್ದ ಉದ್ದ ಮೂಗನ್ನು ನೋಡಿದಳು.

“ಕೋಲಿನಿಂದ ತಂದ್ರೇನು?” ಎಂದಳು. “ಯಾರೂ ಮುಟ್ಟಲಿಲ್ಲಾ?”

“ಇಲ್ಲರಿ ಅಜ್ಜಿ,” ಎಂದಳು ಉಮೈಮಾ ಗಂಭೀರವಾಗಿ. “ತೂಫಾನ ಒಬ್ಬವನs ಮುಟ್ಟಿದ್ದು.”

ಅಜ್ಜಿಯ ಹೆಗಲುಗಳು ಅಲುಗತೊಡಗಿದವು. ನಗುತ್ತ ನಗುತ್ತ ಅವಳು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಳಗಿದ್ದ ಅಪ್ಪನಿಗೆ ಕೇಳುವಂತೆ ಹೇಳಿದಳು. “ಸೀರಿ ತೊಳದ್ರ ಹೋತು. ನಂದೇನೂ ತಕರಾರಿಲ್ಲೋ ಸುಶೀಂದ್ರಾ.”

ಸಂಜೆ ತೂಫಾನನನ್ನು ಬಿಡಲು ಅಪ್ಪ, ಸಂಪದಾ ತೋಟಕ್ಕೆ ಹೋದರು. ಹೊರಡುವ ಮೊದಲು ಸಂಪದಾ ಗೋಣಿಚೀಲ ತೆಗೆಯಲು ಹಿತ್ತಲಿಗೆ ಹೋಗಿದ್ದಳು. ತುಳಸಿ ಕಟ್ಟೆಯ ಸುತ್ತ ಆ ದುಂಡನೆಯ ಹಾದಿ ಇತ್ತು. ಅದರ ಮೇಲೆ ಒಂದು ಸುತ್ತು ನಡೆದು ನೋಡಿದಳು. ಹದಿನಾಲ್ಕು ಹೆಜ್ಜೆಗೆ ಮುಗಿಯಿತು.

ತೋಟದ ಗೇಟಿನಲ್ಲಿ ಕರೀಮಸಾಬರು ಹಗ್ಗ ಬಿಚ್ಚಿದರು. ತೂಫಾನ ಒಮ್ಮೆ ಮೈ ಝಾಡಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲೆಬಳ್ಳಿಗಳ ಆಚೆ, ಬಯಲಿನ ಕೊನೆಯಲ್ಲಿ ಧೂಳು ಮಾತ್ರ ಕಂಡಿತು.

ಕರೀಮಸಾಬರು ಕಂದು ಕಿವಿಯ ಮರಿಯನ್ನು ತಂದು ಸಂಪದಾಳ ಮಡಿಲಲ್ಲಿಟ್ಟರು. ಅದು ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು. ಎರಡು ಸಲ ಆಕಳಿಸಿ ನಿದ್ದೆ ಹೋಯಿತು.

“ತಗೋ,” ಎಂದ ಅಪ್ಪ. “ಅಜ್ಜಿ ತಕರಾರು ಮಾಡಲಿಲ್ಲ. ಮಾತು ಅಂದ್ರ ಮಾತು.”

ನಿದ್ದೆಯಲ್ಲಿ ಮರಿಯ ಕಾಲುಗಳು ಆಡುತ್ತಿದ್ದವು. ಪುಟ್ಟ ನಾಲ್ಕೂ ಕಾಲು ಕೂಡುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು. ಸಂಪದಾ ಬಹಳ ಹೊತ್ತು ನೋಡಿದಳು. ಕಂದು ಕಿವಿಯನ್ನು ಬೆರಳಿನಿಂದ ಸವರಿದಳು.

“ಭಾಳ ಚಂದ ಅದರಿ ಅಜ್ಜಾ,” ಎಂದಳು. “ಆದ್ರ...”

ಅಷ್ಟು ಹೇಳಿ ನಿಂತಳು. ಹನ್ನೆರಡನೆಯ ‘ಆದ್ರ’ ಅವಳ ಬಾಯಿಂದಲೇ ಬಂದಿತ್ತು.

ಬಯಲಿನ ಕೊನೆಯ ಧೂಳಿನತ್ತ ಒಮ್ಮೆ ನೋಡಿದಳು. ಸಂಪದಾ ಎದ್ದು, ಮರಿ ಎಚ್ಚರಾಗದಂತೆ ಮೆಲ್ಲಗೆ ಒಯ್ದು, ರಾಣಿಯ ಹೊಟ್ಟೆಯ ಪಕ್ಕ ಮಲಗಿಸಿದಳು.

“ಇದಕ್ಕ ಇನ್ನೂ ಹೆಸರ ಇಟ್ಟಿಲ್ಲ, ಬೇಟಾ,” ಎಂದರು ಕರೀಮಸಾಬರು. “ಹೆಸರ ನೀನs ಇಡು. ರವಿವಾರಕ್ಕೊಮ್ಮೆ ಬಂದ ಕರೀಬೇಕ ನೋಡ ಮತ್ತ.”

ಅಷ್ಟರಲ್ಲಿ ಬಯಲಿನಿಂದ ಉಮೈಮಾ ಕೈ ಬೀಸಿ ಕರೆದಳು. ಸಂಪದಾ ಚಪ್ಪಲಿ ಬಿಟ್ಟು ಓಡಿದಳು. ತೂಫಾನ ಅವರಿಬ್ಬರನ್ನೂ ದಾಟಿ ಹೋದ. ತಿರುಗಿ ಬಂದು ಇನ್ನೊಮ್ಮೆ ದಾಟಿದ.

ನಡುವೆ ಸಂಪದಾ ಹಿಂದೆ ನೋಡಿದಳು. ಎಚ್ಚರಗೊಂಡ ಮರಿ ಅವರ ಬೆನ್ನು ಹತ್ತಿತ್ತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ, ಎರಡು ಹೆಜ್ಜೆಗೊಮ್ಮೆ ಮುಗ್ಗರಿಸುತ್ತ, ಎದ್ದು ಮತ್ತೆ ಓಡುತ್ತ ಬರುತ್ತಿತ್ತು. ಅದರ ಮುಂದೆ ಬಯಲು ಉದ್ದಕ್ಕೂ ತೆರೆದುಕೊಂಡಿತ್ತು.

ಸಂಪದಾ ನಿಂತಳು. ಅದು ತನ್ನನ್ನು ದಾಟಿ ಹೋಗಲಿ ಎಂದು ಕಾದಳು.