ಗೆರೆಯ ತನಕ ನೀರು

ಗ್ಯಾಲ್ವೆಸ್ಟನ್ ಬಂದರಿನ ತಪಾಸಣೆಯ ಮೇಜಿನ ಮೇಲೆ, ಸಾಲಿನಲ್ಲಿದ್ದ ಎಲ್ಲರ ಕಣ್ಣಿಗೂ ಬೀಳುವಂತೆ, ಒಂದು ಗ್ಯಾಲನ್ ನೀರಿನ ಕ್ಯಾನ್ ಕೂತಿತ್ತು.

ಅದು ಜ್ಯೋತ್ಸ್ನಾಳ ಚೀಲದಿಂದ ಹೊರಬಂದದ್ದು.

ಈ ಹಡಗಿಗೆ ಹೊರಗಿನ ನೀರು ತರುವಂತಿಲ್ಲ, ಇಲ್ಲೇ ಬಿಟ್ಟುಹೋಗಿ ಎಂದ ತಪಾಸಣೆಯವನು. ಜ್ಯೋತ್ಸ್ನಾ ಮುಂದೆ ಬಾಗಿ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೋ ಹೇಳಿದಳು. ಫೋನ್ ತೆರೆದು ಒಂದು ಪತ್ರ ತೋರಿಸಿದಳು. ಅವನು ಓದಿ, ತಲೆಯಾಡಿಸಿ, ಕ್ಯಾನನ್ನು ಅವಳ ಕಡೆ ತಳ್ಳಿದ.

ಗೆದ್ದೆ ಅಂದುಕೊಂಡು ಅವಳು ತಿರುಗಿದಳು...

ಹಿಂದೆ ಸುಮಿತ್ರವ್ವ ನಿಂತಿದ್ದರು. ಖಾಲಿ ಹಿತ್ತಾಳೆ ತಂಬಿಗೆಯನ್ನು ಎದೆಗೆ ಒತ್ತಿಕೊಂಡಿದ್ದರು. ಅವರ ಕಣ್ಣು ಕ್ಯಾನಿನ ಮೇಲಿತ್ತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಬಹಳ ಹಿಂದೆ ಕಂಡು ಮರೆತಿದ್ದ ಯಾರನ್ನೋ ಮತ್ತೆ ಕಂಡಂಥ ನೋಟವಿತ್ತು.

ಪಕ್ಕದಲ್ಲಿ ಅವರ ಮಗ ಭಾಸ್ಕರ. ಹದಿನಾಲ್ಕು ತಿಂಗಳಿಂದ ಜ್ಯೋತ್ಸ್ನಾ ಪ್ರೀತಿಸುತ್ತಿದ್ದ ಭಾಸ್ಕರ. ಅವನ ಮುಖ ಬಿಳಿಚಿಹೋಗಿತ್ತು.

'ಏನಾಯಿತು ಇವರಿಗೆ?'

ಸಾಲು ಮುಂದೆ ಸರಿಯಿತು.

ಜ್ಯೋತ್ಸ್ನಾಗೆ ಮೂವತ್ತಾರು. ಕೆಲಸ ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಯೊಂದರಲ್ಲಿ, ವಾಸ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ. ಭಾಸ್ಕರ ಹ್ಯೂಸ್ಟನ್ನಿನಲ್ಲಿ ಇಂಜಿನಿಯರ್. ಅಲ್ಲಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ದಿನಸಿ ಅಂಗಡಿಯಲ್ಲಿ ಕೊನೆಯ ಜೋಳದ ಹಿಟ್ಟಿನ ಪ್ಯಾಕೆಟ್ಟಿಗೆ ಇಬ್ಬರೂ ಕೈ ಹಾಕಿದಾಗ ಪರಿಚಯವಾಗಿತ್ತು. ರೊಟ್ಟಿ ಬಡಿಯೋಕೆ ಬರುತ್ತಾ ಎಂದು ಅವನು ಕೇಳಿದ್ದ. ಬರಲ್ಲ, ಕಲೀತೀನಿ ಎಂದು ಮೈಸೂರಿನ ಈ ಹುಡುಗಿ ಪ್ಯಾಕೆಟ್ ಬಿಟ್ಟುಕೊಟ್ಟಿರಲಿಲ್ಲ.

ತಿಂಗಳ ಹಿಂದೆ ಅವನ ತಾಯಿ ಗದಗದಿಂದ ಬಂದಿದ್ದರು. ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಸಮುದ್ರದ ನಡುವೆ ಹೋಗಿ ನೋಡಬೇಕೆಂಬ ಆಸೆ. ಅದಕ್ಕೇ ಈ ನಾಲ್ಕು ದಿನದ ಕ್ರೂಸ್. ಅತ್ತೆಯಾಗಲಿರುವವರನ್ನು ಜ್ಯೋತ್ಸ್ನಾ ಮೊದಲ ಸಲ ನೋಡಿದ್ದು ಅಂದೇ, ಬಂದರಿನ ಪಾರ್ಕಿಂಗ್‌ನಲ್ಲಿ. ಅವ್ವ ಹೂಂ ಅಂದರೆ ಮದುವೆಯ ದಿನ ಗೊತ್ತುಮಾಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಆ ಕ್ಯಾನಿನ ವಿಷಯ ಮಾತ್ರ ಅವಳು ಭಾಸ್ಕರನಿಗೂ ಹೇಳಿರಲಿಲ್ಲ.

ಅವಳಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇತ್ತು. ಮಲಗುವಾಗ ಮೂಗಿಗೆ ಮಾಸ್ಕ್ ಹಾಕಿ, ಗಾಳಿ ಒತ್ತುವ ಒಂದು ಯಂತ್ರ ಹಚ್ಚಿಕೊಳ್ಳಬೇಕು. ಆ ಗಾಳಿ ಒಣಗದಂತೆ ಯಂತ್ರದ ಪುಟ್ಟ ತೊಟ್ಟಿಗೆ ದಿನವೂ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಸಾದಾ ನೀರು ಹಾಕಿದರೆ ಅದರಲ್ಲಿ ಬಿಳಿ ಕರೆ ಕಟ್ಟುತ್ತದೆ. ಕ್ಯಾನಿನಲ್ಲಿದ್ದದ್ದು ಆ ನೀರು, ಫೋನಿನಲ್ಲಿದ್ದದ್ದು ಡಾಕ್ಟರ ಪತ್ರ.

ಮಾಸ್ಕ್ ಹಾಕಿದ ತನ್ನ ಮುಖವನ್ನು ಅವಳು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಿದ್ದಳು, ಕೊಳವೆ ಸೊಂಡಿಲಿನಂತೆ ತೂಗಿ ಆನೆಯ ಹಾಗೆ ಕಂಡಿತ್ತು. 'ಮದುವೆ ಗೊತ್ತಾದ ಮೇಲೆ ಹೇಳಿದರಾಯಿತು' ಎಂದು ಮುಂದೂಡಿದ್ದಳು. ಆದರೆ ಹಡಗಿನಲ್ಲಿ ಅವಳಿಗೂ ಸುಮಿತ್ರವ್ವನಿಗೂ ಒಂದೇ ಕೋಣೆ ಎಂದು ಭಾಸ್ಕರ ಬುಕ್ ಮಾಡಿಬಿಟ್ಟಿದ್ದ. ವಾರದಿಂದ ಅವಳನ್ನು ಕಾಡುತ್ತಿದ್ದ ಭಯ ಅದೊಂದೇ.

ಅವಳು ಹೆದರಬೇಕಾದದ್ದು ಬೇರೆಯದಕ್ಕೆ ಎಂದು ತಿಳಿದದ್ದು ಹಡಗಿನ ಮೇಲಿನ ಅಂತಸ್ತಿಗೆ ಬಂದಾಗ.

ಭಾಸ್ಕರ ಕಟಕಟೆ ಹಿಡಿದು, ನೀರಿನ ಕಡೆ ಮುಖ ಮಾಡಿ ನಿಂತಿದ್ದ.

"ಒಂದು ಮಾತು ಕೇಳ್ತೀನಿ, ನೇರವಾಗಿ ಹೇಳು. ನಮ್ಮ ನೀರು ಮುಟ್ಟಬಾರ್ದು ಅಂತ ನಿಮ್ಮನೇಲಿ ಹೇಳಿ ಕಳಿಸಿದ್ರಾ, ಇಲ್ಲ ನಿಂಗೇ ಅನ್ನಿಸ್ತಾ?"

ಅವಳಿಗೆ ಅರ್ಥವೇ ಆಗಲಿಲ್ಲ.

"ಪಾರ್ಕಿಂಗ್‌ನಲ್ಲಿ ಅವ್ವ ತಂಬಿಗೆ ಹಿಡಿದ್ರೆ ಬೇಡ ಅಂದೆ. ಬೆಲ್ಲ ಇಸ್ಕೊಂಡೆ, ನೀರು ಇಸ್ಕೊಳ್ಳಲಿಲ್ಲ. ಅರ್ಧ ಗಂಟೆ ಆಗಿಲ್ಲ, ಚೀಲದಿಂದ ನಿನ್ನ ನೀರು ಬಂತು. ಬಿಟ್ಟುಹೋಗು ಅಂದ್ರೂ ಜಗಳ ಆಡಿ ತಂದೆ."

ಬೇಡ ಅಂದದ್ದು ನಿಜ. ಲೂಯಿಸ್‌ವಿಲ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ಮುಂದೆ ಉದ್ದನೆಯ ಸಾಲು, ಹತ್ತಿರದಲ್ಲಿ ರೆಸ್ಟ್‌ರೂಂ ಇಲ್ಲ. ಬೇಡ ಅನ್ನಲು ಇದ್ದ ಕಾರಣ ಅಷ್ಟೇ. ಹೇಳಲು ಬಾಯಿ ತೆರೆದಳು.

"ಭಾಸ್ಕರ್, ಅದು..."

"ಆಸ್ಟಿನ್‌ನಲ್ಲಿ ನಿಮ್ಮಪ್ಪ ನಂಗೆ ಪೇಪರ್ ಕಪ್‌ನಲ್ಲಿ ನೀರು ಕೊಟ್ಟಾಗ ನಾನು ಸುಮ್ನಿದ್ದೆ. ಜ್ಯೋತ್ಸ್ನಾ ಹಾಗಲ್ಲ ಅಂತ."

ಅವಳಿಗೆ ಆ ದಿನ ನೆನಪಾಯಿತು.

ಮಾರ್ಚ್ ತಿಂಗಳ ಒಂದು ಭಾನುವಾರ ಅವನನ್ನು ಆಸ್ಟಿನ್‌ನ ಅಪ್ಪನ ಮನೆಗೆ ಕರೆದುಕೊಂಡು ಹೋಗಿದ್ದಳು. ಅವಳ ಅಪ್ಪ ಚಂದ್ರಮೋಹನ ನಿವೃತ್ತ ಡಾಕ್ಟರು, ಅಮ್ಮ ಹೋದ ಮೇಲೆ ಅಡುಗೆಮನೆಯೂ ಅವರದೇ. ಭಾಸ್ಕರನನ್ನು ನಗುನಗುತ್ತಲೇ ಮಾತಾಡಿಸಿದ್ದರು. ಊರು ಯಾವುದು ಎಂದು ಕೇಳಿದ್ದರು, ಊರಿನಲ್ಲಿ ಮನೆ ಯಾವ ಓಣಿ ಎಂದು ಕೇಳಿದ್ದರು. ಊರ ಹೊರಗಿನ ಕೇರಿ ಎಂದು ಭಾಸ್ಕರ ಹೇಳಿದ್ದ, ಮುಚ್ಚಿಡದೆ. ಆಮೇಲೆ ಅಪ್ಪ ಒಳಗೆ ಹೋಗಿ ನೀರು ತಂದಿದ್ದರು.

ಟ್ರೇ ಈಗ ಅವಳ ಕಣ್ಣ ಮುಂದೆ ಬಂತು. ಎರಡು ಸ್ಟೀಲ್ ಲೋಟ, ಒಂದು ಪೇಪರ್ ಕಪ್.

ಅಪ್ಪನ ಕೈಯಿಂದ ಆ ಟ್ರೇ ಇಸಿದುಕೊಂಡು ಟೀಪಾಯಿಯ ಮೇಲೆ ಇಟ್ಟವಳು ಅವಳೇ... ಕಪ್ಪನ್ನು ಭಾಸ್ಕರನ ಮುಂದೆ ಸರಿಸಿದವಳೂ ಅವಳೇ.

ಅವಳಿಗೆ ಅದು ಕಂಡಿರಲೇ ಇಲ್ಲ.

ಕಾಲ ಕೆಳಗೆ ಇಂಜಿನ್ ಅದುರುತ್ತಿತ್ತು. ಅವಳು ಕಟಕಟೆ ಹಿಡಿದಳು. ಅವಳ ಮೌನವನ್ನು ಭಾಸ್ಕರ ಉತ್ತರವೆಂದು ತಿಳಿದ. "ಅವ್ವನ ಮುಂದೆ ನಾಲ್ಕು ದಿನ ಚೆನ್ನಾಗಿರೋಣ, ಅಷ್ಟು ಮಾಡು," ಎಂದು ಹೇಳಿ ಹೊರಟುಹೋದ.

ಹಡಗು ದಡ ಬಿಟ್ಟಿತ್ತು. ಫೋನಿನಲ್ಲಿ ಸಿಗ್ನಲ್ ಎರಡು ಕಡ್ಡಿ ಉಳಿದಿತ್ತು. ಅವಳು ಅಪ್ಪನಿಗೆ ಕಾಲ್ ಮಾಡಿದಳು.

ಅಪ್ಪ ಮೊದಲು ಹವಾ ವಿಚಾರಿಸಿದರು, ಹೊಟ್ಟೆ ತೊಳಸುವುದಕ್ಕೆ ಯಾವ ಮಾತ್ರೆ ಎಂದು ಹೇಳಿದರು. ಅವಳು ಕಪ್ಪಿನ ವಿಷಯ ಕೇಳಿದಳು.

"ಯಾವ ಕಪ್? ಕೈಗೆ ಸಿಕ್ಕಿದ್ದು ಕೊಟ್ಟಿರ್ತೀನಿ."

"ನಂಗೆ ಯಾಕೆ ಸ್ಟೀಲ್ ಲೋಟ ಸಿಕ್ತು ಅಪ್ಪಾ?"

ಮೂವತ್ತೈದು ವರ್ಷ ಸಾವಿರಾರು ಜನರ ನಾಡಿ ಹಿಡಿದ ಮನುಷ್ಯ. ಇಲ್ಲ ಎಂದು ಅವರು ಹೇಳಲಿ ಎಂದು ಅವಳು ಕಾದಳು.

"ಯೋಚನೆ ಮಾಡಿ ಮಾಡಿದ್ದಲ್ಲ ಕಣೇ," ಎಂದರು ಕೊನೆಗೆ. ದನಿ ಒಮ್ಮೆಗೇ ಮುದಿಯಾಗಿತ್ತು. "ನಮ್ಮಮ್ಮ ಮಾಡೋದು ನೋಡಿದ್ದೆ. ಕೈ ಹಾಗೇ ಹೋಯ್ತು."

"ಮುಂದಿನ ಸಲ ಅವರಿಗೆ ಸ್ಟೀಲ್ ಲೋಟ ಬರಲಿಲ್ಲ ಅಂದ್ರೆ, ಆ ಮನೇಲಿ ನಾನೂ ನೀರು ಕುಡಿಯಲ್ಲ."

ಅಪ್ಪ ಏನೋ ಅಂದರು. ಕೇಳಿಸುವ ಮೊದಲೇ ಸಿಗ್ನಲ್ ಹೋಯಿತು.

ಕೋಣೆಗೆ ಬಂದಾಗ ಸುಮಿತ್ರವ್ವ ಮಂಚದ ತುದಿಯಲ್ಲಿ ಕೂತು ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದರು. ಬಾ ಎಂದರು, ಅಷ್ಟೇ.

ಜ್ಯೋತ್ಸ್ನಾ ಚೀಲದಿಂದ ಯಂತ್ರ ತೆಗೆದಳು. ಕೊಳವೆ ಜೋಡಿಸಿದಳು. ಕ್ಯಾನಿನ ಮುಚ್ಚಳ ಬಿಚ್ಚಿ, ತೊಟ್ಟಿಗೆ ಗೆರೆಯ ತನಕ ನೀರು ಸುರಿದಳು. ಆಮೇಲೆ ಮಾಸ್ಕ್ ಮುಖಕ್ಕೆ ಬಿಗಿದು, ಆ ಹಿರಿಯರ ಕಡೆ ತಿರುಗಿ ಕೂತಳು.

ಸುಮಿತ್ರವ್ವ ಬೆಚ್ಚಿ ಹಿಂದೆ ಸರಿದರು. "ಏನವಾ ಇದು!"

ಅವಳು ಮಾಸ್ಕ್ ತೆಗೆದು ಎಲ್ಲ ಹೇಳಿದಳು. ನಿಲ್ಲುವ ಉಸಿರು, ಗೊರಕೆ, ನಾಚಿಕೆ, ಐದು ಗಂಟೆಯ ಡ್ರೈವ್, ರೆಸ್ಟ್‌ರೂಂ. ಕಪ್ಪಿನ ವಿಷಯವನ್ನೂ ಹೇಳಿದಳು. ಅಪ್ಪ ಏನೆಂದರು ಎಂಬುದನ್ನು ಒಂದು ಅಕ್ಷರ ಬಿಡದೆ ಹೇಳಿದಳು.

"ನಂಗೀಗ ನಿಮ್ಮ ತಂಬಿಗೆ ನೀರು ಕೊಡಿ ಆಂಟಿ. ಕುಡೀತೀನಿ."

ಸುಮಿತ್ರವ್ವ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಕೊಡಲಿಲ್ಲ.

"ಸಾಲ್ಯಾಗ ನಮಗ ಗಡಿಗಿ ಮುಟ್ಟಂಗಿರಲಿಲ್ಲ. ಬೊಗಸಿ ಒಡ್ಡಬೇಕು, ಮ್ಯಾಲಿಂದ ಸುರೀತಿದ್ರು. ಹುಡುಗರು ನಗ್ತಿದ್ರು, ಅರ್ಧ ನೀರು ಲಂಗಕ್ಕ. ನಾ ದೊಡ್ಡಾಕಿ ಆಗಿ ಅದ ಸಾಲಿಗಿ ಟೀಚರ್ ಆದೆ. ಮೊದಲನೇ ಪಗಾರದಾಗ ಇದನ್ನ ತಗೊಂಡೆ. ನಮ್ಮ ಮನಿಗೆ ಬಂದವರಿಗೆ ಮೊದಲ ನೀರು, ಆಮ್ಯಾಲ ಮಾತು. ಎಷ್ಟೋ ಮಂದಿ ಕುಡೀದ ಹೋದ್ರು. ನಾ ಏನೂ ಅನ್ನಲಿಲ್ಲ."

ಅವರು ತಂಬಿಗೆಯ ಅಂಚನ್ನು ಮತ್ತೊಮ್ಮೆ ಸೆರಗಿನಿಂದ ಒರೆಸಿದರು.

"ಈಗ ನೀ ಕುಡದ್ರ ತೋರಸಾಕ ಕುಡದಂಗ ಆಗ್ತೈತಿ. ಹಂಗ ಬ್ಯಾಡ. ನೀರಡಿಕಿ ಆದಾಗ ಕೇಳು."

ಜ್ಯೋತ್ಸ್ನಾಳಿಗೆ, ಅವರು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಅನ್ನಿಸಿತು. ಸುಮಿತ್ರವ್ವ ಯಂತ್ರದ ಹತ್ತಿರ ಬಾಗಿ, ನೀರಿನ ತೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, ಮೂಗಿಗೂ ನೀರು ಕುಡಿಸ್ತೀಯಲ್ಲ ಎಂದು ನಕ್ಕರು. ಆ ನಗು ಕೇಳಿದ ಮೇಲೆ ಅವಳು ಅತ್ತಳು.

ಮರುದಿನ ಅವಳಿಗೆ ಎಚ್ಚರವಾದಾಗ ಎಂಟು ದಾಟಿತ್ತು. ಪಕ್ಕದ ಮಂಚ ಖಾಲಿ, ತಂಬಿಗೆಯೂ ಇರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಯಂತ್ರದ ತೊಟ್ಟಿಯೂ ಬರಿದಾಗಿತ್ತು. ಮುಖ ತೊಳೆದು ಮೇಲಿನ ಅಂತಸ್ತಿಗೆ ಹೋದಳು.

ನಾಲ್ಕೂ ಕಡೆ ನೀರು, ಎಲ್ಲೂ ದಡ ಇಲ್ಲ. ಒಂದು ಬೆಂಚಿನ ಮೇಲೆ ಭಾಸ್ಕರ ಕೂತಿದ್ದ, ಪಕ್ಕದಲ್ಲಿ ತುಂಬಿದ ತಂಬಿಗೆ. ಸುಮಿತ್ರವ್ವ ದೂರದಲ್ಲಿ, ಗಾಳಿಗೆ ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇವರಿಗೆ ಬೆನ್ನು ಮಾಡಿ ಸಮುದ್ರ ನೋಡುತ್ತಿದ್ದರು.

"ಅವ್ವ ಎಲ್ಲ ಹೇಳಿದ್ಲು," ಎಂದ ಭಾಸ್ಕರ. "ಕ್ಯಾನ್ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡೆ. ಕೇಳ್ಬೇಕಿತ್ತು ನಾನು."

"ಕ್ಯಾನ್‌ಗೆ ಕಾರಣ ಇತ್ತು ಭಾಸ್ಕರ್. ಕಪ್‌ಗೆ ಇರಲಿಲ್ಲ." ಅವಳು ಅವನನ್ನು ನೋಡಿಯೇ ಹೇಳಿದಳು. "ಟ್ರೇ ಇಟ್ಟಿದ್ದು ನಾನೇ. ನಂಗೆ ಕಾಣಿಸ್ಲಿಲ್ಲ. ಯಾಕೆ ಕಾಣಿಸ್ಲಿಲ್ಲ ಅಂತ ನಿನ್ನೆಯಿಂದ ಯೋಚಿಸ್ತಿದೀನಿ. ನಂಗೆ ಯಾವತ್ತೂ ಕಾಣೋ ಅಗತ್ಯ ಬಂದಿರ್ಲಿಲ್ಲ, ಅದಕ್ಕೆ."

ಅವನು ತಂಬಿಗೆಯನ್ನು ಸರಿಸಿ ಅವಳಿಗೆ ಕೂರಲು ಜಾಗ ಮಾಡಿಕೊಟ್ಟ. ಆ ಕಪ್ಪನ್ನು ಅಂದು ಕಿಟಕಿಯಾಚೆ ಎಸೆಯಬೇಕು ಅನ್ನಿಸಿತ್ತು ಎಂದ. ಅವಳ ಮುಖ ನೋಡಿ ಕುಡಿದುಬಿಟ್ಟೆ ಎಂದ. ಅಪ್ಪ ಮತ್ತೆ ಏನಾದರೂ ಹೇಳಿದರಾ ಎಂದು ಕೇಳಿದ. ಇಲ್ಲ, ಆಮೇಲೆ ಸಿಗ್ನಲ್ಲೇ ಇಲ್ಲ ಎಂದಳು.

"ಅವರು ಬದಲಾಗ್ದೇ ಇದ್ರೆ?"

"ನಾನು ಹೇಳೋದು ಬಿಡಲ್ಲ. ನೀನು ಆ ಮನೇಲಿ ಸುಮ್ನೆ ಕುಡೀಬೇಡ. ಇನ್ಮೇಲೆ ನನ್ನ ಮುಖ ನೋಡಿ ಏನೂ ನುಂಗಬೇಡ."

ಅವನು ತಲೆ ಬಗ್ಗಿಸಿ ಕಣ್ಣೊರೆಸಿಕೊಂಡ. ಅವನು ಅತ್ತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅವಳ ಗಂಟಲು ಒಣಗಿ ಉರಿಯುತ್ತಿತ್ತು. "ಬಾಯಾರಿಕೆ ಆಗಿದೆ," ಎಂದಳು. "ನಿಜವಾಗ್ಲೂ. ನೀರು ಕೊಡ್ತೀಯಾ?"

ಭಾಸ್ಕರ ತಂಬಿಗೆ ಎತ್ತಿ ಕೊಟ್ಟ. ಮನೆಯಲ್ಲಿ ಚಿಕ್ಕಂದಿನಿಂದ ಕಲಿಸಿದಂತೆ, ತುಟಿಗೆ ತಾಗಿಸದೆ ಎತ್ತಿ ಕುಡಿಯಲು ಹೋದಳು. ಹಡಗು ವಾಲಿತು. ನೀರು ಮೂಗಿಗೆ, ಗಲ್ಲಕ್ಕೆ, ಕುರ್ತಾಗೆ.

"ಕಚ್ಚಿ ಕುಡಿಯೇ," ಎಂದ, ಒದ್ದೆ ಕಣ್ಣಲ್ಲೇ ನಗುತ್ತಾ.

ಅವಳು ತಂಬಿಗೆಯ ಅಂಚಿಗೆ ತುಟಿ ಇಟ್ಟು, ಉಸಿರು ತೆಗೆದುಕೊಳ್ಳದೆ ಕುಡಿದಳು. ತಂಪಾಗಿತ್ತು, ಸ್ವಲ್ಪ ಹಿತ್ತಾಳೆಯ ರುಚಿ. ಅವಳು ಇಳಿಸಿದ ಮೇಲೆ ಅವನೂ ಅದೇ ಅಂಚಿನಿಂದ ಒಂದು ಗುಟುಕು ಕುಡಿದ. ದೂರದಲ್ಲಿ ಸುಮಿತ್ರವ್ವ ಇವರ ಕಡೆ ತಿರುಗಿದ್ದರು. ನೋಡಿ, ಏನೂ ನೋಡದವರಂತೆ ಮತ್ತೆ ಸಮುದ್ರದ ಕಡೆ ತಿರುಗಿದರು.

"ಅವ್ವನಿಗೆ ರಾತ್ರಿ ನಿದ್ದೆ ಇಲ್ಲ ಗೊತ್ತಾ?" ಎಂದ ಭಾಸ್ಕರ. "ಗೊರಕೆ ಅಂತ ಹೇಳಿ ಹೆದರಿಸಿದ್ದೆಯಂತೆ. ಯಂತ್ರ ಹಾಕ್ಕೊಂಡ ಮೇಲೆ ಸದ್ದೇ ಇಲ್ಲ, ಹುಡುಗಿ ಉಸಿರಾಡ್ತಾಳೋ ಇಲ್ವೋ ಅಂತ ಎರಡು ಸಲ ಎದ್ದು ಮೂಗಿನ ಹತ್ರ ಕೈ ಹಿಡಿದು ನೋಡಿದಾಳೆ."

ಜ್ಯೋತ್ಸ್ನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಆ ಮಾಸ್ಕಲ್ಲಿ ನಾನು ಆನೆ ಥರ ಕಾಣ್ತೀನಿ."

"ಆ ಯಂತ್ರಕ್ಕೆ ನೀರು ಎಷ್ಟು ಹಾಕ್ಬೇಕು?"

"ಗೆರೆ ತನಕ."

"ದಿನಾನೂ?"

"ದಿನಾನೂ. ಇರೋ ತನಕ."

"ಹಾಗಾದ್ರೆ ಅದನ್ನ ನಂಗೆ ಬಿಡು," ಎಂದ ಭಾಸ್ಕರ. "ನಾನು ತುಂಬ್ತೀನಿ."